ಗಾಜಿನ ತೊಟ್ಟಿಯ ಮೀನು ಮತ್ತು ಜಲಗಾಲನದ ಉಳಿದರ್ಧ

ಶ್ರಾವಕನ ನಿತ್ಯಾಚಾರದಲ್ಲಿ ಜಲಗಾಲನಕ್ಕೆ ಇರುವ ಸ್ಥಾನ ಸರ್ವವಿದಿತ. ನೀರನ್ನು ಸೋಸದೆ ಕುಡಿಯಬಾರದು, ಸೋಸುವ ಬಟ್ಟೆ ದಟ್ಟವಾಗಿರಬೇಕು, 36 ಅಂಗುಲ ಉದ್ದ, 24 ಅಂಗುಲ ಅಗಲದ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ಹಿಡಿಯಬೇಕು ಎಂಬಷ್ಟನ್ನು ಮನೆಯ ಹಿರಿಯ ಹೆಣ್ಣುಮಕ್ಕಳು ಇಂದಿಗೂ ಹೇಳಬಲ್ಲರು. ಆದರೆ ಈ ವಿಧಿಗೆ ಇನ್ನೊಂದು ಅರ್ಧವಿದೆ. ಅದು ನೆನಪಿನಿಂದ ಜಾರುತ್ತಿದೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಆ ನೀರನ್ನು ಯಾವ ಬಾವಿಯಿಂದ ತಂದದ್ದೋ ಅದೇ ಬಾವಿಗೆ ಮುಟ್ಟಿಸಬೇಕು. ಹಿಂದಿ ಸೀಮೆಯ ಜೈನರು ಇದನ್ನು ಜಿವಾಣಿ ಎನ್ನುತ್ತಾರೆ. ಮೇಲಿನಿಂದ ಸುರಿದರೆ ಜೀವಗಳಿಗೆ ಪೆಟ್ಟಾದೀತೆಂದು, ತಳದಲ್ಲಿ ಕೊಂಡಿಯಿರುವ ಪಾತ್ರೆಯನ್ನು ಹಗ್ಗದಿಂದ ಇಳಿಬಿಟ್ಟು, ನೀರನ್ನು ಮುಟ್ಟಿದ ಮೇಲೆಯೇ ಅದು ಮಗುಚಿಕೊಳ್ಳುವಂತೆ ಮಾಡುವ ಪದ್ಧತಿಯೂ ಇತ್ತು. 13ನೇ ಶತಮಾನದ ಪಂಡಿತ ಆಶಾಧರರು ತಮ್ಮ 'ಸಾಗಾರಧರ್ಮಾಮೃತ'ದಲ್ಲಿ, ಸೋಸಿ ಉಳಿದುದನ್ನು ಬೇರೊಂದು ಜಲಾಶಯಕ್ಕೆ ಹಾಕುವುದನ್ನು ದೋಷವೆಂದೇ ಎಣಿಸಿದ್ದಾರೆ. ಎರಡು ಮುಹೂರ್ತ ಕಳೆದ ನೀರನ್ನು ಮತ್ತೆ ಸೋಸದೆ ಬಳಸುವುದು ಎಂತಹ ದೋಷವೋ ಇದೂ ಅಂತಹದೇ.

ಬೇರೆ ನೀರಿಗೆ ಏಕೆ ಹಾಕಬಾರದು? ಒಂದು ನೀರಿನಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ಇನ್ನೊಂದು ನೀರು ಶಸ್ತ್ರವಾಗುತ್ತದೆ ಎಂಬುದೇ ಪರಂಪರೆ ಕೊಡುವ ಉತ್ತರ. ಸಿಹಿನೀರಿನ ಜೀವ ಸವುಳು ನೀರಿನಲ್ಲಿ ಬಾಳದು. ಸವುಳಿನದು ಸಿಹಿನೀರಿನಲ್ಲಿ ಬಾಳದು. ಕಣ್ಣಿಗೆ ಎರಡೂ ನೀರು ಒಂದೇ. ಈ ಮಾತಿನ ಸತ್ಯ ಕಮಲನಗರದ ಒಂದು ಮನೆಯಲ್ಲಿ, ಬಾವಿಯ ದಂಡೆಯ ಮೇಲಲ್ಲ, ಹಾಲಿನ ಮೂಲೆಯಲ್ಲಿಟ್ಟ ಗಾಜಿನ ತೊಟ್ಟಿಯಲ್ಲಿ ಪ್ರತ್ಯಕ್ಷವಾಯಿತು.

ಕಮಲನಗರ ಬೀದರ ಜಿಲ್ಲೆಯ ಉತ್ತರದ ಅಂಚಿನ ಊರು. ಮೊದಲು ಔರಾದ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿದೆ. ಭಾಲ್ಕಿಯಿಂದ ಉದಗೀರಿನ ಕಡೆಗೆ ಹೋಗುವ ರೈಲುಮಾರ್ಗದ ಮೇಲಿದೆ. ಸುತ್ತಲೂ ಎರೆಭೂಮಿ, ಅದರ ಕೆಳಗೆ ಕರಿಗಲ್ಲು. ಇಂತಹ ಕಲ್ಲಿನ ಒಡಲಿನಿಂದ ಬರುವ ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದನ್ನು ಕಾಯಿಸಿದ ಪಾತ್ರೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಬೀದರ ನಗರವಾದರೋ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ಆ ಕೆಂಗಲ್ಲಿನಿಂದ ಸುಣ್ಣ ಬಹುಕಾಲದ ಹಿಂದೆಯೇ ತೊಳೆದುಹೋಗಿ ಕಬ್ಬಿಣ ಉಳಿದಿದೆ. ಒಂದೇ ಜಿಲ್ಲೆಯೊಳಗೆ ನೀರಿಗೆ ಎರಡು ಗುಣ. ಬೇಸಿಗೆಯಲ್ಲಿ ನಲ್ಲಿಯ ನೀರು ಕೈಕೊಟ್ಟು ಟ್ಯಾಂಕರ್ ಬಂದಾಗ, ಅದು ಯಾವ ಊರಿನ ಯಾವ ಬಾವಿಯ ನೀರೆಂದು ಕೇಳುವವರಿಲ್ಲ. ಕೊಡ ತುಂಬಿದರೆ ಸಾಕು.

ಆ ಮನೆ ಕಿರಾಣಿ ವ್ಯಾಪಾರಿಯದು. ಮೊಮ್ಮಗನ ಹಟಕ್ಕೆ 2 ಅಡಿ ಉದ್ದದ, ಸುಮಾರು 50 ಲೀಟರ್ ಹಿಡಿಸುವ ತೊಟ್ಟಿ ಬಂದಿತ್ತು. ಅದರಲ್ಲಿ ಚಂದ್ರಕಲೆಯಂತೆ ಚಪ್ಪಟೆಯಾದ ನಾಲ್ಕು ಏಂಜಲ್ ಮೀನುಗಳು, ಕಪ್ಪು ಪಟ್ಟೆಯ ಆರು ಟೈಗರ್ ಬಾರ್ಬ್‌ಗಳು. ಎಂಟು ತಿಂಗಳು ಅವು ಸಣ್ಣಪುಟ್ಟ ಬೆನ್ನಟ್ಟುವಿಕೆಯನ್ನು ಬಿಟ್ಟರೆ ಹೊಂದಿಕೊಂಡೇ ಇದ್ದವು. ಏಪ್ರಿಲ್ ತಿಂಗಳ ಒಂದು ಭಾನುವಾರ, ನೀರು ಹಳದಿಯಾಗಿದೆಯೆಂದು ಮುಕ್ಕಾಲು ಪಾಲನ್ನು ಚೆಲ್ಲಿ, ಆಗ ತಾನೆ ಬಂದ ಟ್ಯಾಂಕರ್ ನೀರನ್ನು ತುಂಬಲಾಯಿತು. ನೀರು ಸ್ಫಟಿಕದಂತೆ ಕಂಡಿತು; ಮನೆಯವರಿಗೆ ಸಮಾಧಾನವೂ ಆಯಿತು. ಸಂಜೆಯ ಹೊತ್ತಿಗೆ ಬಾರ್ಬ್‌ಗಳು ಏಂಜಲ್ ಮೀನುಗಳ ಈಜುರೆಕ್ಕೆಗಳನ್ನು ಕಿತ್ತು ಕಿತ್ತು ತಿನ್ನತೊಡಗಿದವು. ಅದಕ್ಕಿಂತ ವಿಚಿತ್ರವೆಂದರೆ, ಏಂಜಲ್ ಮೀನುಗಳೂ ತಮ್ಮತಮ್ಮಲ್ಲಿಯೇ ಬಾಯಿಗೆ ಬಾಯಿ ಕಚ್ಚಿ ಕಾದಾಡಿದವು. ಮರುದಿನ ಬೆಳಿಗ್ಗೆ ಒಂದು ಮೀನು ಮಗುಚಿ ತೇಲುತ್ತಿತ್ತು.

"ಆಯೀ, ಇವೆಲ್ಲಾ ಯಾಕ ಹಿಂಗ ಜಗಳಾಡ್ಲಿಕ್ಹತ್ಯಾವ?" ಎಂದು ಹುಡುಗ ಅಜ್ಜಿಯನ್ನು ಕೇಳಿದ. ಆಕೆ ಶಾಸ್ತ್ರಶ್ರವಣದಲ್ಲಿ ಪಳಗಿದವರು. "ತಂಡುಲಮತ್ಸ್ಯದ ಕುಲ ಅಲ್ಲೇನಪ್ಪಾ ಅದು, ಅದರ ಕಷಾಯ ಎಲ್ಲಿ ಹೋದೀತು?" ಎಂದರು.

ತಂಡುಲಮತ್ಸ್ಯದ ಕಥೆ ಓದುಗರಿಗೆ ಹೊಸದಲ್ಲ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ಮೀನು. ಮಹಾಮತ್ಸ್ಯವು ಬಾಯಿ ತೆರೆದು ಮಲಗಿದಾಗ ಅಸಂಖ್ಯ ಜಲಚರಗಳು ಒಳಹೋಗಿ ಹೊರಬರುವುದನ್ನು ಕಂಡು, 'ನಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ' ಎಂದು ಅದು ಚಿಂತಿಸುತ್ತದೆ. ಒಂದು ಜೀವವನ್ನೂ ಕೊಲ್ಲದೆ, ಕೇವಲ ಭಾವದೋಷದಿಂದಲೇ ಅದು ನರಕಕ್ಕಿಳಿಯುತ್ತದೆ. ಕುಂದಕುಂದಾಚಾರ್ಯರು 'ಭಾವಪಾಹುಡ'ದಲ್ಲಿ ಈ ಮೀನನ್ನು ಶಾಲಿಸಿಕ್ಥವೆಂಬ ಹೆಸರಿನಿಂದ ದೃಷ್ಟಾಂತವಾಗಿ ತಂದಿದ್ದಾರೆ. ಅಜ್ಜಿಯ ನೆನಪು ಸರಿಯಾದುದೇ. ಆದರೆ ಆ ದೃಷ್ಟಾಂತವು ಆ ತೊಟ್ಟಿಗೆ ಒಪ್ಪುವುದೇ ಎಂಬುದು ವಿಚಾರಣೀಯ. ಆಚಾರ್ಯರು ಆ ಕಥೆಯನ್ನು ಮೀನುಗಳನ್ನು ನಿಂದಿಸಲೆಂದು ಹೇಳಿದ್ದಲ್ಲ, ಕೇಳುವ ಮನುಷ್ಯನು ತನ್ನ ಭಾವವನ್ನು ನೋಡಿಕೊಳ್ಳಲೆಂದು ಹೇಳಿದ್ದು. ತೊಟ್ಟಿಯ ಮೀನುಗಳ ಜಗಳವಾದರೋ ನೀರು ಬದಲಾದ ದಿನವೇ ಹುಟ್ಟಿತು. ಶನಿವಾರ ಇಲ್ಲದ ಕಷಾಯ ಭಾನುವಾರ ಸಂಜೆ ಎಲ್ಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ.

ಬೀದರ ಜಿಲ್ಲೆಯ ನೆಲಕ್ಕೆ ಮೀನಿನ ಶಾಸ್ತ್ರ ಅಪರಿಚಿತವಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. 12ನೇ ಶತಮಾನದ ಪೂರ್ವಾರ್ಧದಲ್ಲಿಯೇ ಅಲ್ಲಿ ಮೀನಿನ ಹತ್ತಾರು ಜಾತಿಗಳನ್ನು ಹೆಸರಿಸಿ, ಯಾವುದು ಏನನ್ನು ತಿನ್ನುತ್ತದೆಂದು ಬರೆಯಲಾಗಿದೆ. ಆದರೆ ಆ ಜ್ಞಾನವೆಲ್ಲ ಗಾಳಕ್ಕೆ ಸಿಕ್ಕಿಸುವ ವಿನೋದಕ್ಕಾಗಿ ಕೂಡಿಟ್ಟದ್ದು. ಮೀನು ತನ್ನ ನೀರಿನಲ್ಲಿ ಏನನ್ನು ಅನುಭವಿಸುತ್ತದೆಂಬ ವಿಚಾರ ಇತ್ತೀಚಿನದು.

ಮೀನು ತನ್ನ ಮಲಿನವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಉಳಿಯುತ್ತದೆ. ಮರಳಿನಲ್ಲಿಯೂ ಸೋಸುವ ಸ್ಪಂಜಿನಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಸಮುದಾಯ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಈ ಕೆಲಸ ನಡೆಯುವಾಗ ನೀರಿನಲ್ಲಿ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವುದು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್. ವ್ಯಾಪಾರಿಗಳಿಗೆ ಇದನ್ನು ತಿಳಿಸುವುದು ಸುಲಭ: ಬೈಕಾರ್ಬೊನೇಟ್ ಎಂಬುದು ಮೂಲ ಬಂಡವಾಳ, ಆಮ್ಲ ಎಂಬುದು ದಿನದ ಖರ್ಚು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸಲು ಸುಣ್ಣದ ಲೆಕ್ಕದಲ್ಲಿ ಸುಮಾರು 7 ಗ್ರಾಂ ಬಂಡವಾಳ ಕರಗುತ್ತದೆ. ಖರ್ಚು ನಡೆಯುತ್ತಿದ್ದರೂ ಬಂಡವಾಳ ಇರುವಷ್ಟು ದಿನ ಅಂಗಡಿ ಹಾಗೆಯೇ ಕಾಣುತ್ತದೆ. ಅದು ತೀರಿದ ದಿನ ಒಮ್ಮೆಲೇ ಕುಸಿಯುತ್ತದೆ. ಪಿಎಚ್ ಎಂಬ ಅಳತೆಯೂ ಹಾಗೆಯೇ ಬೀಳುತ್ತದೆ. 7ರಿಂದ 6ಕ್ಕೆ ಇಳಿದರೆ ಅದು ಒಂದಂಶದ ವ್ಯತ್ಯಾಸವಲ್ಲ, ಆಮ್ಲತೆ ಹತ್ತು ಪಟ್ಟು ಏರಿದಂತೆ.

ಆ ಮನೆಯ ಹಳದಿ ನೀರು ಎಂಟು ತಿಂಗಳಲ್ಲಿ ಹೀಗೆ ಆಮ್ಲದ ಕಡೆಗೆ ವಾಲಿತ್ತು. ಅಂತಹ ನೀರಿನಲ್ಲಿ ಅಮೋನಿಯಾದ ಬಹುಭಾಗ ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು 5 ಪಾಲು. 9 ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಬಿಸಿಲಿನ ನೀರಿನಲ್ಲಿ ಇದು ಇನ್ನೂ ಏರುತ್ತದೆ, ಅದೇ ಹೊತ್ತಿಗೆ ನೀರಿನ ಪ್ರಾಣವಾಯು ಇಳಿಯುತ್ತದೆ. ಸುಣ್ಣದ ಟ್ಯಾಂಕರ್ ನೀರನ್ನು ಒಮ್ಮೆಲೇ ಸುರಿದಾಗ ತಳದ ಕೊಳೆಯಲ್ಲಿ ಸೌಮ್ಯವಾಗಿ ಮಲಗಿದ್ದುದು ಕ್ಷಣಾರ್ಧದಲ್ಲಿ ವಿಷವಾಗಿ ಎದ್ದಿತು. ಸ್ವಚ್ಛವಾದ ನೀರೇ ಕೊಳೆಯನ್ನು ವಿಷ ಮಾಡಿತು! ಟ್ಯಾಂಕರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಅದರ ಕ್ಲೋರಿನ್ ಕಿವಿರನ್ನು ಸುಡುತ್ತದೆ, ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಉರಿಯುವ ಕಿವಿರು ಹೊತ್ತ ಮೀನು ದಿಕ್ಕೆಟ್ಟು ಓಡುತ್ತದೆ, ಎದುರಿಗೆ ಬಂದುದನ್ನು ಕಚ್ಚುತ್ತದೆ. ಕೆಲವು ಜಾತಿಗಳಾದರೆ ಮೂಲೆಗೆ ಸೇರಿ ಮಂಕಾಗುತ್ತವೆ.

ಇಷ್ಟರಿಂದ ಸಾವಿಗೆ ಕಾರಣ ತಿಳಿಯುತ್ತದೆ. ಆದರೆ ಏಂಜಲ್ ಮೀನುಗಳು ತಮ್ಮತಮ್ಮಲ್ಲಿಯೇ ಕಾದಾಡಿದ್ದಕ್ಕೆ ಇನ್ನೂ ಸೂಕ್ಷ್ಮವಾದ ಕಾರಣವಿದೆ. ಮೀನುಗಳ ಗುಂಪಿನಲ್ಲಿ ಹಿರಿಯ ಯಾರು, ಕಿರಿಯ ಯಾರು ಎಂಬ ಮರ್ಯಾದೆ ಇರುತ್ತದೆ. ಅದರ ದಾಖಲೆ ಬಹುಮಟ್ಟಿಗೆ ನೀರಿನ ವಾಸನೆಯಲ್ಲಿಯೇ ಇರುತ್ತದೆ. ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ಮೊಜಾಂಬಿಕ್ ತಿಲಾಪಿಯಾದ ಗಂಡುಗಳು ತಮ್ಮ ಮೂತ್ರದ ಮೂಲಕ ಅಂತಸ್ತನ್ನು ತಿಳಿಸುತ್ತವೆಂದು ಪೋರ್ಚುಗಲ್ಲಿನ ಸಂಶೋಧಕರು 2007ರಲ್ಲಿ ತೋರಿಸಿದರು. ಬ್ರೆಜಿಲ್ಲಿನ ಸಂಶೋಧಕರು ನೈಲ್ ತಿಲಾಪಿಯಾದ ಮರಿಗಳ ಮೇಲೆ 2008ರಲ್ಲಿಯೂ, ಇದೇ ಏಂಜಲ್ ಮೀನಿನ ಮೇಲೆ 2018ರಲ್ಲಿಯೂ ಪ್ರಕಟಿಸಿದ ಪ್ರಯೋಗಗಳು ಇನ್ನೂ ನೇರವಾದವು: ತೊಟ್ಟಿಯ ನೀರನ್ನು ಬದಲಿಸಿದರೆ ಜಗಳ ಏರುತ್ತದೆ, ಕಡಿಮೆ ನೀರನ್ನು ಬದಲಿಸಿದಲ್ಲಿ ಆ ಏರಿಕೆಯೂ ಕಡಿಮೆ. ಹಳೆಯ ನೀರಿನೊಂದಿಗೆ ಹಳೆಯ ಒಪ್ಪಂದವೂ ಚರಂಡಿಗೆ ಹೋಗುತ್ತದೆ, ಮೀನುಗಳು ಮತ್ತೆ ಮೊದಲಿನಿಂದ ಸೆಣಸಿ ಅದನ್ನು ಬರೆಯಬೇಕಾಗುತ್ತದೆ. ಖಾತೆ ಪುಸ್ತಕ ಕಳೆದುಹೋದ ಪಾಲುದಾರರು ಮರುದಿನ ಹೇಗೆ ಕೂಡುತ್ತಾರೆಂಬುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಟೈಗರ್ ಬಾರ್ಬ್‌ಗೆ ಉದ್ದ ರೆಕ್ಕೆಗಳನ್ನು ಕಚ್ಚುವ ಸ್ವಭಾವ ಇದ್ದೇ ಇದೆ, ಅದನ್ನು ಏಂಜಲ್ ಮೀನಿನೊಂದಿಗೆ ಇಡಬಾರದೆಂಬುದು ಬೇರೆ ಮಾತು. ಆದರೆ ಎಂಟು ತಿಂಗಳು ಅಂಕೆಯಲ್ಲಿದ್ದ ಸ್ವಭಾವ ಅಂಕೆ ಮೀರಿದ್ದು ನೀರಿನಿಂದ.

ಹಾಗಾದರೆ ಹೊಣೆ ಯಾರದು? 'ತತ್ತ್ವಾರ್ಥಸೂತ್ರ'ದ 7ನೇ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೂಲವಾಗಿ ಹಿಡಿದಿದೆ. ಮುಂದೆ ಅದೇ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೆಸರಿಸುವಾಗ ಮೊದಲಿಗೆ ಇಡುವುದು ಬಂಧವನ್ನು, ಕೊನೆಗೆ ಇಡುವುದು ಅನ್ನಪಾನನಿರೋಧವನ್ನು. ದನಕರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ವಿವರಿಸುವ ರೂಢಿಯಿದೆ. ಗಾಜಿನ ಗೋಡೆಯೂ ಹಗ್ಗದಂತೆ ಬಂಧವೇ. ಕಟ್ಟಿದ ದನ ಕೂಗಿ ಹೇಳೀತು. ಮೀನಿಗೆ ಆ ಉಪಾಯವೂ ಇಲ್ಲ. ಅದು ಉಸಿರಾಡುವುದೂ, ಮಲವಿಸರ್ಜಿಸುವುದೂ, ನೆಂಟಸ್ತಿಕೆ ಗುರುತಿಸುವುದೂ ಒಂದೇ ನೀರಿನಲ್ಲಿ, ಮತ್ತು ಆ ನೀರು ಪೂರ್ತಿಯಾಗಿ ಇನ್ನೊಬ್ಬರ ಕೈಯಲ್ಲಿದೆ. ಪಂಚೇಂದ್ರಿಯ ಜೀವವೊಂದು ಇಷ್ಟು ಸಂಪೂರ್ಣವಾಗಿ ಗೃಹಸ್ಥನ ವಶದಲ್ಲಿರುವ ಸಂದರ್ಭ ಬೇರೆ ಇಲ್ಲವೆಂದೇ ಹೇಳಬೇಕು.

ಇಲ್ಲಿ ದಯೆಯೂ ಅಪಾಯವಾಗಬಲ್ಲುದು. ಹಸಿದಿರಬಹುದೆಂದು ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಚಿಟಿಕೆ ಚಿಟಿಕೆ ಆಹಾರ ಉದುರಿಸುತ್ತಾರೆ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ಆ ಆಹಾರ ಯಾವುದು ಎಂದು ಡಬ್ಬಿಯನ್ನು ತಿರುಗಿಸಿ ಓದಿದ ಜೈನ ಮನೆಗಳು ಎಷ್ಟು? ಪೇಟೆಯ ಸಾಮಾನ್ಯ ಗುಳಿಗೆಗಳಲ್ಲಿ ಮೀನಿನ ಹಿಟ್ಟು ಇರುತ್ತದೆ. ಒಣಗಿಸಿದ ಹುಳುಗಳ ಗಟ್ಟಿಯಾದರೆ ಹೆಸರೇ ಹೇಳುತ್ತದೆ. ಕಂದಮೂಲವನ್ನು ವರ್ಜಿಸಿದ ಅಡುಗೆಮನೆಯ ಪಕ್ಕದ ಕಪಾಟಿನಲ್ಲಿ ಅದು ನಿಶ್ಚಿಂತೆಯಿಂದ ಕುಳಿತಿರುತ್ತದೆ. ವಾಸ್ತುವಿಗೆ ಒಳ್ಳೆಯದೆಂದು ಅಂಗಡಿಯ ಗಲ್ಲೆಯ ಬಳಿ ಮೀನಿನ ಬೋಗುಣಿ ಇಡುವವರ ವಿಷಯದಲ್ಲಿ ಹೆಚ್ಚು ಹೇಳುವುದು ಅನಗತ್ಯ. ಲಾಭಕ್ಕಾಗಿ ಪ್ರಾಣಿಯನ್ನು ಸೆರೆಯಿಡುವುದಕ್ಕೆ ಶಾಸ್ತ್ರದಲ್ಲಿ ಸಮರ್ಥನೆ ಹುಡುಕುವ ಶ್ರಮ ಬೇಡ. ತೊಟ್ಟಿಯನ್ನು ಮನೆಗೆ ತರದಿರುವುದೇ ಶ್ರೇಯಸ್ಕರ ಎಂಬುದು ಸ್ಪಷ್ಟ.

ಆದರೆ ತಂದಾದ ಮೇಲೆ? ಕಮಲನಗರದ ಆ ಮನೆಯಲ್ಲಿ ಎದ್ದ ನಿಜವಾದ ಧರ್ಮಸಂಕಟ ಇದು. ಪಾಪ ಬೇಡವೆಂದು ಉಳಿದ ಒಂಬತ್ತು ಮೀನುಗಳನ್ನು ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯಕ್ಕೆ ಬಿಟ್ಟು ಬರುವುದೆಂದು ಯಜಮಾನರು ನಿಶ್ಚಯಿಸಿದರು. ಅಭಯದಾನವೆಂದು ಅವರ ಭಾವನೆ. ಮುಂಗಾರಿಗೆ ಮುಂಚೆ ಒಯ್ಯಬೇಕೆಂದು ದಿನವೂ ಗೊತ್ತಾಯಿತು. ತಡೆದವರು ಅಜ್ಜಿಯೇ. ಅವರಿಗೆ ಪಿಎಚ್ ತಿಳಿಯದು, ಜಿವಾಣಿ ತಿಳಿದಿತ್ತು. ಬೇರೆ ಬಾವಿಯ ಜೀವವನ್ನು ಬೇರೆ ಬಾವಿಗೆ ಹಾಕಬಾರದೆಂದ ಮೇಲೆ ಬೇರೆ ದೇಶದ ಮೀನನ್ನು ನಮ್ಮ ಹೊಳೆಗೆ ಹಾಕುವುದು ಯಾವ ನ್ಯಾಯ ಎಂದು ಅವರು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ. ಏಂಜಲ್ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೃದು ನೀರಿನ ಕುಲದ್ದು, ಟೈಗರ್ ಬಾರ್ಬ್ ಆಗ್ನೇಯ ಏಷ್ಯಾದ್ದು. ಬಿಟ್ಟವು ಸತ್ತರೆ ಅದು ಬಿಟ್ಟವರ ಹಿಂಸೆ. ಬದುಕಿ ಹಬ್ಬಿದರೆ ಅಲ್ಲಿನ ಮೂಲಜೀವಿಗಳ ಅನ್ನಕ್ಕೂ ನೆಲೆಗೂ ಕುತ್ತು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಇಂದು ದಕ್ಷಿಣದ ಕೆರೆಗಳನ್ನೆಲ್ಲ ಹೇಗೆ ತುಂಬಿದೆಯೆಂಬುದು ಮೀನುಗಾರರೇ ಬಲ್ಲ ಸಂಗತಿ. ಮೀನು ಬಿಡುವವನ ಕಣ್ಣಿಗೆ ಬೀಳುವುದು ತನ್ನ ಕೈಯ ಒಂಬತ್ತು ಜೀವ ಮಾತ್ರ. ಅವು ಸೇರುವ ನೀರಿನಲ್ಲಿರುವ ಲಕ್ಷಾಂತರ ಜೀವಗಳು ಲೆಕ್ಕಕ್ಕೆ ಬರುವುದಿಲ್ಲ.

ಕಡೆಗೆ ಮೀನುಗಳು ಮನೆಯಲ್ಲಿಯೇ ಉಳಿದವು. ಬಾರ್ಬ್‌ಗಳಿಗೆ ಬೇರೆ ತೊಟ್ಟಿಯಾಯಿತು. ಹೊಸದನ್ನು ತರಬಾರದು, ಇದ್ದವು ಆಯುಷ್ಯ ತೀರುವವರೆಗೆ ಇರಲಿ ಎಂಬ ನಿರ್ಣಯವೂ ಆಯಿತು. ಏಂಜಲ್ ಮೀನು ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬಾಳಬಲ್ಲದು. ಏಳನೆಯ ಇಯತ್ತೆಯ ಹುಡುಗನಿಗೆ ಇದನ್ನು ತಿಳಿಸಿಯೇ ಕೆಲಸ ಒಪ್ಪಿಸಲಾಯಿತು. ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ; ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಹೈಪೋ ಎಂದು ಸಿಗುವ ಹರಳಿನ ಒಂದೆರಡು ಕಣ ಸಾಕು. ಒಮ್ಮೆಗೆ ಕಾಲು ಭಾಗಕ್ಕಿಂತ ಹೆಚ್ಚು ಬದಲಿಸಬಾರದು, ವಾರಕ್ಕೊಮ್ಮೆ ತಪ್ಪಿಸಲೂ ಬಾರದು. ತಪ್ಪಿಸಿ ತಪ್ಪಿಸಿ ಒಂದು ದಿನ ಪೂರ್ತಿ ತೊಳೆಯುವುದೇ ಎಲ್ಲಕ್ಕಿಂತ ಕೆಟ್ಟದ್ದು. ನೀರಿನ ಮೂಲ ಬದಲಾದರೆ ಹೊಸ ನೀರನ್ನು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅಲುಬಬೇಕು. ಈ ಕೊನೆಯ ಮಾತನ್ನು ಕೇಳಿ ಅಜ್ಜಿ ನಕ್ಕರಂತೆ. ಸೋಸುವ ಬಟ್ಟೆಯನ್ನು ಅದೇ ನೀರಿನಲ್ಲಿ ತೊಳೆಯಬೇಕೆಂದು ಅವರಿಗೆ ಅವರ ಅತ್ತೆ ಹೇಳಿಕೊಟ್ಟು ಅರವತ್ತು ವರ್ಷವಾಗಿತ್ತು.

ಮನೆಯ ತೊಟ್ಟಿಗೆ ಸಲ್ಲುವ ಮಾತು ಬಸದಿಯ ಬಾವಿಗೂ ಪುಷ್ಕರಣಿಗೂ ಸಲ್ಲುತ್ತದೆ. ಟ್ರಸ್ಟಿನವರು ಇದನ್ನು ಗಮನಿಸುವುದು ಅವಶ್ಯ. ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದುಷ್ಕರ್ಮಿಗಳು ನದಿಗೆ ವಿಷ ಹಾಕಿ ದೇವರ ಮೀನುಗಳನ್ನು ಕೊಂದರು. ಅವುಗಳ ಸ್ಮಾರಕ ಅಲ್ಲಿದೆ. ಅದು ದ್ವೇಷದ ಕೆಲಸ, ಎಲ್ಲರೂ ಮರುಗಿದರು. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ತೇಲಿದಾಗ ಯಾರ ದ್ವೇಷವೂ ಇರಲಿಲ್ಲ. ಕೊಳಚೆ ಸೇರಿದ ನೀರಿನಲ್ಲಿ ಪ್ರಾಣವಾಯು ತೀರಿತ್ತು. ಪುಷ್ಕರಣಿಗಳಲ್ಲಿ ಆಗುವುದು ಹೆಚ್ಚಾಗಿ ಈ ಎರಡನೆಯ ಬಗೆಯದು. ಭಕ್ತರು ಎಸೆಯುವ ಮಂಡಕ್ಕಿ, ಅಭಿಷೇಕದ ಹಾಲು, ಹೂವು ಇವೆಲ್ಲ ನೀರಿಗೆ ಸೇರಿ ಕೊಳೆಯುತ್ತವೆ. ಉತ್ಸವ ಬಂತೆಂದು ಎಚ್ಚೆತ್ತು ಒಂದೇ ರಾತ್ರಿಯಲ್ಲಿ ಚೀಲದಷ್ಟು ಬ್ಲೀಚಿಂಗ್ ಪುಡಿ ಸುರಿದರೆ ನೀರು ಬೆಳಗಿನ ಹೊತ್ತಿಗೆ ತಿಳಿಯಾಗಿರುತ್ತದೆ, ಅದರ ಜೀವಗಳು ಇರುವುದಿಲ್ಲ.

ಕೊಳವೆಬಾವಿ ಬಂದ ಮೇಲೆ ಜಿವಾಣಿಯನ್ನು ಹಿಂದಿರುಗಿಸುವ ದಾರಿಯೇ ಮುಚ್ಚಿದೆ. ಆದ್ದರಿಂದಲೇ ಮುನಿಗಳ ಆಹಾರಕ್ಕೂ ಅಭಿಷೇಕಕ್ಕೂ ತೆರೆದ ಬಾವಿಯನ್ನು ಉಳಿಸಿಕೊಂಡ ಬಸದಿಗಳಿವೆ. ಅಂತಹ ಬಾವಿಯ ಹೂಳೆತ್ತುವಾಗ ನೀರನ್ನು ಪೂರ್ತಿ ಬರಿದುಮಾಡದೆ, ಊಟೆ ತಾನಾಗಿ ತುಂಬಲು ಬಿಟ್ಟು ಹಂತಹಂತವಾಗಿ ಮಾಡುವುದು ಸಾಧ್ಯ. ಪುಷ್ಕರಣಿಗೆ ಕೊಳವೆಬಾವಿಯ ನೀರನ್ನು ಬಿಡುವುದಾದರೆ ಅದನ್ನು ಮೊದಲು ಪರೀಕ್ಷೆಗೆ ಕಳುಹಿಸಬಹುದು. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೇ ಬೀದರದಲ್ಲಿರುವಾಗ ಈ ಭಾಗದ ಟ್ರಸ್ಟುಗಳಿಗೆ ತಜ್ಞರನ್ನು ಕೇಳುವುದು ದೂರದ ಮಾತಲ್ಲ. ಅಭಿಷೇಕದ ಹಾಲು ನೀರಿಗೆ ಇಳಿಯದಂತೆ ಒಂದು ಬೇರೆ ಕಾಲುವೆ ತೋಡಿ ತೆಂಗಿನ ಬುಡಕ್ಕೆ ತಿರುಗಿಸಲು ಒಬ್ಬ ಗೌಂಡಿಗೆ ಎರಡು ದಿನದ ಕೆಲಸ.